ಹಳೇ ಸೋಫಾಗೆ ಹೊಸ ಕವರ್: ಬಟ್ಟೆ ಆರಿಸಿದ್ದು, ಹೊಲಿದದ್ದು, ಒಂದು ಮೂಲೆ ಬಿಚ್ಚಿ ಮತ್ತೆ ಹೊಲಿದದ್ದು

ನಮ್ಮ ಮೂರು ಸೀಟಿನ ಸೋಫಾಗೆ 11 ವರ್ಷ ಆಯ್ತು. ಮರದ ಚೌಕಟ್ಟು ಗಟ್ಟಿಯಾಗಿದೆ. ಸ್ಪ್ರಿಂಗ್ ಒಂದೂ ಸಡಿಲವಾಗಿಲ್ಲ. ಕುಶನ್‌ಗಳ ಫೋಮ್ ಎರಡು ವರ್ಷದ ಹಿಂದಷ್ಟೇ ಬದಲಾಯಿಸಿದ್ದೆ. ಹಾಳಾಗಿರುವುದು ಮೇಲಿನ ಬಟ್ಟೆ ಮಾತ್ರ. ಎರಡೂ ಕೈಗಳ ಮುಂಭಾಗ ಸವೆದು ದಾರ ಕಾಣುತ್ತಿದೆ, ತಲೆ ಒರಗುವ ಕಡೆ ಕಪ್ಪಗಾಗಿದೆ. ಬಟ್ಟೆಯನ್ನೇ ಕಿತ್ತು ಹೊಸದು ಹೊಡೆಸಬಹುದಿತ್ತು. ಆದರೆ ಹಾಗೆ ಹೊಡೆಸಿದ ಬಟ್ಟೆಯನ್ನು ಬಿಚ್ಚಿ ಒಗೆಯಲು ಆಗುವುದಿಲ್ಲ. ನನಗೆ ಬೇಕಿದ್ದದ್ದು ಒಗೆಯಲು ಬರುವ ಬಟ್ಟೆ. ಹಾಗಾಗಿ ಕವರ್.

ಮೊದಲು ರೆಡಿಮೇಡ್ ಕವರನ್ನೇ ತಂದೆ. ರಬ್ಬರಿನ ಹಾಗೆ ಹಿಗ್ಗುವ ಜಾತಿ. ಇವು ಹೆಚ್ಚಾಗಿ ಪಾಲಿಯೆಸ್ಟರ್, ಜೊತೆಗೆ ಸ್ವಲ್ಪ ಸ್ಪ್ಯಾಂಡೆಕ್ಸ್. ಹತ್ತು ನಿಮಿಷದಲ್ಲಿ ಹಾಕಿ ಮುಗಿಯಿತು, ನೋಡಲೂ ಚೆನ್ನಾಗಿತ್ತು. ತೊಂದರೆ ಶುರುವಾಗಿದ್ದು ಕೂತ ಮೇಲೆ. ನಮ್ಮ ಸೋಫಾದ ಮೂರು ಕುಶನ್‌ಗಳೂ ಬಿಡಿಬಿಡಿ. ಒಂದೇ ತುಂಡಿನ ಕವರ್ ಮೂರರ ಮೇಲೂ ಡೋಲಿನ ಚರ್ಮದ ಹಾಗೆ ಎಳೆದುಕೊಂಡು ನಿಲ್ಲುತ್ತದೆ. ಒಬ್ಬರು ಕೂತರೆ ಆ ಕುಶನ್ ಕೆಳಗೆ ಇಳಿಯುತ್ತದೆ, ಬಟ್ಟೆ ಅದರ ಜೊತೆ ಇಳಿಯಲೇಬೇಕು. ಅಷ್ಟು ಬಟ್ಟೆ ಎಲ್ಲಿಂದ ಬರಬೇಕು? ಬೆನ್ನಿನ ಸಂದಿಯಲ್ಲಿ ತುರುಕಿಟ್ಟಿದ್ದು ಹೊರಗೆ ಬರುತ್ತದೆ. ದಿನಕ್ಕೆ ಮೂರು ಸಲ ತುರುಕುತ್ತಿದ್ದೆ. ಎರಡು ವಾರ ನೋಡಿ ತೆಗೆದೆ.

ಆ ಕವರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕುಶನ್ ಸೋಫಾಗೇ ಅಂಟಿಕೊಂಡಿರುವ ಮಾದರಿಗೆ, ಒಂಟಿ ಕುರ್ಚಿಗೆ, ಊಟದ ಮೇಜಿನ ಕುರ್ಚಿಗೆ ಅದಕ್ಕಿಂತ ಸುಲಭದ್ದು ಇಲ್ಲ. ಬಿಡಿ ಕುಶನ್ ಇದ್ದರೆ ಸೀಟಿಗೆ ಬೇರೆ, ಮೈಗೆ ಬೇರೆ ಅಂತ ತುಂಡು ತುಂಡಾಗಿ ಬರುವ ಕವರನ್ನೇ ಹುಡುಕಬೇಕು. ಚರ್ಮದ ಅಥವಾ ರೆಕ್ಸಿನ್ ಸೋಫಾ ಆದರೆ ಇನ್ನೂ ಒಂದು ಕೆಲಸ: ಮೈ ನುಣುಪಾಗಿರುವುದರಿಂದ ಯಾವ ಕವರ್ ಆದರೂ ಜಾರುತ್ತದೆ. ಜಾರದ ರಬ್ಬರ್ ಜಾಲರಿಯನ್ನು ಕೆಳಗೆ ಹಾಸಿದರೆ ಮಾತ್ರ ನಿಲ್ಲುತ್ತದೆ.

ಇನ್ನೊಂದು ಕವರ್ ತರುವ ಮೊದಲು ಒಂದು ವಾರ ಸುಮ್ನೆ ನೋಡಿದೆ. ಯಾರು ಎಲ್ಲಿ ಕೂರುತ್ತಾರೆ, ಹೇಗೆ ಏಳುತ್ತಾರೆ ಅಂತ. ಅಮ್ಮ ಯಾವಾಗಲೂ ಬಲಗಡೆ ಮೂಲೆ. ಅವರಿಗೆ ಮಂಡಿನೋವು, ಏಳುವಾಗ ಸೋಫಾದ ಕೈ ಮೇಲೆ ಪೂರ್ತಿ ಭಾರ ಹಾಕಿ ಮುಂದಕ್ಕೆ ತಳ್ಳುತ್ತಾರೆ. ಮಗ ಎಡಗಡೆ ಕೈಗೆ ತಲೆ ಕೊಟ್ಟು ಉದ್ದಕ್ಕೆ ಮಲಗುತ್ತಾನೆ. ನಡುವಿನ ಸೀಟು ಹೆಚ್ಚಾಗಿ ಖಾಲಿ. ಅಂದರೆ ಬಟ್ಟೆಯನ್ನು ನಿಜವಾಗಿ ಎಳೆಯುವ ಜಾಗ ಎರಡೇ: ಬಲಗೈ ಮುಂಭಾಗ, ಮತ್ತೆ ಕೈಯೂ ಬೆನ್ನೂ ಕೂಡುವ ಮೂಲೆ. ಬಣ್ಣದ ಯೋಚನೆಯನ್ನು ಅಲ್ಲಿಗೇ ಪಕ್ಕಕ್ಕಿಟ್ಟೆ. ಈ ಎರಡು ಜಾಗದ ಎಳೆತ ತಡೆಯುವ ಬಟ್ಟೆ ಬೇಕು, ಆ ಎಳೆತಕ್ಕೆ ಬೇಕಾದಷ್ಟು ಬಟ್ಟೆಯನ್ನು ಸಂದಿಯಲ್ಲಿ ಬಿಡಬೇಕು. ನಾನೇ ಹೊಲಿಯುವುದು ಅಂತ ತೀರ್ಮಾನ ಆಯ್ತು.

ನಾಲ್ಕು ತುಂಡು ಬಟ್ಟೆ ತಂದೆ: ಕಾಟನ್ ಕ್ಯಾನ್ವಾಸ್, ಲಿನನ್, ಪಾಲಿಯೆಸ್ಟರ್ ಬೆರೆತ ಕಾಟನ್, ಪಾಲಿಯೆಸ್ಟರ್ ವೆಲ್ವೆಟ್. ಕಾಟನ್ ಅಂದಿದ್ದು ನಿಜವಾಗಿ ಕಾಟನ್ನೇ ಅಂತ ನೋಡಲು ಪ್ರತಿಯೊಂದರಿಂದ ಒಂದೊಂದು ದಾರ ಎಳೆದು, ಚಿಮ್ಮಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಬೆಂಕಿ ತಾಗಿಸಿದೆ. ಕಾಟನ್ ಮತ್ತು ಲಿನನ್ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತಗಿನ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ಬಟ್ಟೆಯಲ್ಲಿ ಉರಿಯೂ ಇತ್ತು, ಕೊನೆಯಲ್ಲಿ ಗಟ್ಟಿ ಕಣವೂ ಉಳಿಯಿತು.

ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ನೇಯ್ಗೆಯ ನಡುವೆ ತೂತು ಕಂಡರೆ ಧೂಳು ಒಳಗೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೆಳಗಿನ ಹಳೇ ಬಟ್ಟೆಯ ಬಣ್ಣ ಮೇಲೆ ಕಾಣುತ್ತದೆ. ನಮ್ಮ ಹಳೇ ಬಟ್ಟೆ ಕಡುಕಂದು. ತೆಳು ಲಿನನ್ ಅದರ ಮೇಲೆ ಹಾಸಿದ ತಕ್ಷಣ ಮಂಕಾಯಿತು. ಮುಷ್ಟಿಯಲ್ಲಿ ಒಂದು ನಿಮಿಷ ಹಿಂಡಿ ಬಿಟ್ಟಾಗ ಸುಕ್ಕು ಹಾಗೇ ಕೂತಿತು. ಲಿನನ್ ಸುಕ್ಕು ಇಷ್ಟಪಡುವವರಿದ್ದಾರೆ, ನನಗೆ ದಿನಾ ಅದನ್ನು ಸವರುವುದು ಬೇಡ ಅನ್ನಿಸಿತು. ವೆಲ್ವೆಟ್ ಗಟ್ಟಿ, ಮುಟ್ಟಲು ಹಿತ. ಆದರೆ ಅದರ ಕೂದಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ, ಕೂದಲು ಕೆಳಮುಖವಾಗಿ ಬರುವ ಹಾಗೆ ಕತ್ತರಿಸಬೇಕು, ಇಲ್ಲದಿದ್ದರೆ ಒಂದೇ ತಾನಿನ ಎರಡು ತುಂಡು ಎರಡು ಬಣ್ಣದ ಹಾಗೆ ಕಾಣುತ್ತವೆ. ಅದಕ್ಕೆ ಬಟ್ಟೆ ಜಾಸ್ತಿ ಬೇಕು. ಬೆರಕೆ ಬಟ್ಟೆ ಎಲ್ಲದರಲ್ಲೂ ಪರವಾಗಿಲ್ಲ, ಸುಕ್ಕು ಕಮ್ಮಿ, ಕುಗ್ಗುವುದೂ ಕಮ್ಮಿ. ಇಸ್ತ್ರಿ ಮಾಡಲು ಸಮಯವೇ ಇಲ್ಲ ಅನ್ನುವವರಿಗೆ ಅದೇ ಸರಿ.

ನಾನು ಕ್ಯಾನ್ವಾಸ್ ಆರಿಸಿದೆ. 300 ಜಿಎಸ್ಎಂ, ಅಂದರೆ ಒಂದು ಚದರ ಮೀಟರ್ 300 ಗ್ರಾಂ ತೂಗುವ ಬಟ್ಟೆ. 200ಕ್ಕಿಂತ ಕೆಳಗಿನದು ಸೋಫಾ ಮೇಲೆ ಮಡಿಕೆ ಮಡಿಕೆಯಾಗಿ ಸರಿಯುತ್ತದೆ. 400 ದಾಟಿದರೆ ಮನೆಯ ಹೊಲಿಗೆ ಮೆಷಿನ್ ಪೈಪಿಂಗ್ (ಒಳಗೆ ಹುರಿ ಇಟ್ಟು ಅಂಚಿಗೆ ಹೊಲಿಯುವ ಪಟ್ಟಿ) ಕೂಡುವ ಕಡೆ ಸುಸ್ತಾಗುತ್ತದೆ. ಅಲ್ಲಿ ಆರು ಪದರದವರೆಗೂ ಬಟ್ಟೆ ಸೇರುತ್ತದಲ್ಲ. ಫರ್ನಿಚರ್‌ಗೆ ಅಂತಲೇ ಮಾರುವ ಬಟ್ಟೆಯ ಮೇಲೆ ಮಾರ್ಟಿನ್‌ಡೇಲ್ ಅಂಕಿ ಇದ್ದರೆ ಅದನ್ನೂ ನೋಡಿ. ಬಟ್ಟೆ ಎಷ್ಟು ಉಜ್ಜುವಿಕೆ ತಡೆಯುತ್ತದೆ ಅನ್ನುವ ಲೆಕ್ಕ ಅದು. ದಿನಾ ಬಳಸುವ ಮನೆ ಸೋಫಾಗೆ 15,000ದಿಂದ 25,000 ಇದ್ದರೆ ಸಾಕು.

ಬಣ್ಣ ಕೊನೆಗೆ. ಮೂರು ಬಣ್ಣದ ತುಂಡುಗಳನ್ನು ಸೋಫಾದ ಕೈ ಮೇಲೆ ಪಿನ್ನು ಮಾಡಿ ಒಂದು ವಾರ ಬಿಟ್ಟೆ. ಬೆಳಗಿನ ಬೆಳಕಲ್ಲಿ ಚೆನ್ನಾಗಿದ್ದ ಹಸಿರು ರಾತ್ರಿ ದೀಪದಲ್ಲಿ ಕೆಸರಿನ ಹಾಗಿತ್ತು. ನಡುಬಣ್ಣದ ಬೂದಿ ಎರಡು ಹೊತ್ತಲ್ಲೂ ನಿಂತಿತು. ಕಡುಬಣ್ಣದಲ್ಲಿ ಕಲೆ ಕಾಣಲ್ಲ ಅಂತಾರೆ. ಆದರೆ ಧೂಳು, ಕೂದಲು, ನೂಲಿನ ಎಳೆ ಎಲ್ಲ ಅದರ ಮೇಲೇ ಎದ್ದು ಕಾಣುತ್ತವೆ.

ಈಗ ಒಗೆಯುವ ವಿಷಯ. ಇದನ್ನು ಯಾರೂ ಬಿಡಬೇಡಿ. ಬಟ್ಟೆಯ ಮೂಲೆಯಲ್ಲಿ ಸರಿಯಾಗಿ 50 ಸೆಂಟಿಮೀಟರ್ ಉದ್ದ, 50 ಅಗಲದ ಚೌಕ ಕತ್ತರಿಸಿದೆ. ಅಂಚಿಗೆ ಜಿಗ್‌ಜಾಗ್ ಹೊಲಿಗೆ ಹಾಕಿದೆ, ಉದ್ದದ ದಿಕ್ಕಿಗೆ ಒಂದು ಬಾಣದ ಗುರುತು. ಮುಂದೆ ಕವರನ್ನು ಹೇಗೆ ಒಗೆಯುತ್ತೇನೋ ಹಾಗೇ ಒಗೆದೆ: ಬೆಚ್ಚಗಿನ ನೀರು, ಮೆಷಿನ್ನು. ಒಣಗಿದ ಮೇಲೆ ಅಳೆದಾಗ ಉದ್ದ 47, ಅಗಲ 48.5. ಅಂದರೆ ಉದ್ದಕ್ಕೆ ನೂರಕ್ಕೆ 6, ಅಗಲಕ್ಕೆ 3 ಕುಗ್ಗಿತ್ತು. ನೇಯುವಾಗ ಹಾಸಿನ ದಾರವನ್ನು, ಅಂದರೆ ಉದ್ದಕ್ಕೆ ಹೋಗುವ ದಾರವನ್ನು, ಬಿಗಿಯಾಗಿ ಎಳೆದಿರುತ್ತಾರೆ, ನೀರು ಬಿದ್ದಾಗ ಅದು ಸಡಿಲಗೊಂಡು ಹಿಂದಕ್ಕೆ ಸರಿಯುತ್ತದೆ. ಅಡ್ಡಕ್ಕೆ ಹೋಗುವ ಹೊಕ್ಕಿನ ದಾರಕ್ಕೆ ಅಷ್ಟು ಎಳೆತ ಇರುವುದಿಲ್ಲ. ಲೆಕ್ಕ ಹಾಕಿ ನೋಡಿ. 210 ಸೆಂಟಿಮೀಟರ್ ಅಗಲದ ಸೋಫಾಗೆ ಒಗೆಯದ ಬಟ್ಟೆಯಲ್ಲಿ ಕವರ್ ಹೊಲಿದಿದ್ದರೆ ಮೊದಲ ಒಗೆತಕ್ಕೇ ಸುಮಾರು 12 ಸೆಂಟಿಮೀಟರ್ ಹೋಗುತ್ತಿತ್ತು. ಅಷ್ಟೂ ಕೆಲಸ ನೀರುಪಾಲು ಆಗುತ್ತಿತ್ತು.

ಪೈಪಿಂಗ್ ಒಳಗೆ ಹಾಕುವ ಕಾಟನ್ ಹುರಿಯನ್ನೂ ಒಗೆಯಬೇಕು. ಬಟ್ಟೆ ಕುಗ್ಗದೆ ಒಳಗಿನ ಹುರಿ ಮಾತ್ರ ಕುಗ್ಗಿದರೆ ಅಂಚೆಲ್ಲ ನೆರಿಗೆ ಕಟ್ಟುತ್ತದೆ. ಹುರಿಯನ್ನು ಸುತ್ತಿ ಹಳೇ ದಿಂಬಿನ ಚೀಲದಲ್ಲಿ ಕಟ್ಟಿ ಬಟ್ಟೆಯ ಜೊತೆಗೇ ಮೆಷಿನ್ನಿಗೆ ಹಾಕಿದೆ. ಹಾಗೇ ಬಿಡಿಯಾಗಿ ಹಾಕಿದರೆ ಗಂಟು ಬಿಡಿಸಿ ಮುಗಿಯುವುದಿಲ್ಲ.

ಅಳತೆಗೆ ಬರೋಣ. ಸೋಫಾ ಹೊರಗಿನ ಅಗಲ 210, ಒಂದೊಂದು ಕೈ 18 ದಪ್ಪ, ಒಳಗೆ ಉಳಿದದ್ದು 174. ಅದರಲ್ಲಿ 58ರ ಮೂರು ಕುಶನ್. ಅಳೆಯುವ ಮೊದಲು ಕುಶನ್ ತೆಗೆದಿಡಿ. ಬೆನ್ನಿನ ನಟ್ಟನಡುವೆ ಮೇಲಿಂದ ಕೆಳಗೆ ಒಂದು ದಾರ ಇಳಿಬಿಟ್ಟು ಟೇಪ್ ಅಂಟಿಸಿದರೆ ಮುಂದಿನ ಕೆಲಸವೆಲ್ಲ ಸಲೀಸು, ಪ್ರತಿ ತುಂಡಿನ ನಡುಗೆರೆಯೂ ಅದಕ್ಕೆ ಸೇರಬೇಕು.

ಬಟ್ಟೆಯ ಅಗಲ 137 ಇತ್ತು, ಅಂದರೆ 54 ಇಂಚು. ಒಗೆದ ಮೇಲೆ ಸುಮಾರು 133. ಬೆನ್ನಿಗೆ 210 ಬೇಕು. ಬಟ್ಟೆಯನ್ನು ನೆಟ್ಟಗೆ ಇಟ್ಟರೆ ಎರಡು ತುಂಡು ಜೋಡಿಸಬೇಕು, ಬೆನ್ನ ಮೇಲೆ ಜೋಡು ಕಾಣುತ್ತದೆ. ಚಿತ್ತಾರ ಇಲ್ಲದ ಒಂದೇ ಬಣ್ಣದ ಬಟ್ಟೆಯಲ್ಲಿ ಒಂದು ಅನುಕೂಲ ಇದೆ: ಅಡ್ಡಡ್ಡ ಇಡಬಹುದು. ತಾನಿನ ಉದ್ದವೇ ಸೋಫಾದ ಅಗಲ. ಜೋಡೇ ಬೇಡ. ಹೂವಿನ ಚಿತ್ತಾರ ಇದ್ದರೆ ಇದು ಆಗದು, ಹೂವೆಲ್ಲ ಅಡ್ಡ ಮಲಗುತ್ತವೆ. ಅಲ್ಲದೆ ಚಿತ್ತಾರ ಎಲ್ಲ ಕಡೆ ಕೂಡಬೇಕೆಂದರೆ ಪ್ರತಿ ತುಂಡಿಗೂ ಸ್ವಲ್ಪ ಸ್ವಲ್ಪ ವ್ಯರ್ಥ ಆಗುತ್ತದೆ.

ಕಾಗದದ ಮೇಲೆ ತುಂಡುಗಳನ್ನು ಬರೆದು ಜೋಡಿಸಿದಾಗ ಹೀಗೆ ಬಂತು. ಹಿಂಬೆನ್ನು 213 ಉದ್ದ, 85 ಎತ್ತರ. ಅದರ ಪಕ್ಕ ಉಳಿಯುವ 48ರಲ್ಲಿ ಕುಶನ್ ಬದಿಯ ಪಟ್ಟಿಗಳು 16ರ ಮೂರು. ಇದು ಕೂದಲೆಳೆಯಷ್ಟೂ ಮಿಗದ ಲೆಕ್ಕ, ಗೆರೆ ಎಳೆಯುವಾಗ ಕೈ ನಡುಗಬಾರದು. ಒಳಬೆನ್ನು 204, ಕುಶನ್ ಕೆಳಗಿನ ತಳ 204, ಎರಡು ಕೈಗೆ ತಲಾ 100, ಕುಶನ್‌ಗಳ ಮೇಲೂ ಕೆಳಗೂ ಆರು ಚೌಕಕ್ಕೆ 183. ಒಟ್ಟು 10 ಮೀಟರ್ ಚಿಲ್ಲರೆ. ಕುಗ್ಗುವುದು, ಪೈಪಿಂಗ್, ತಪ್ಪಿಗೊಂದಿಷ್ಟು ಸೇರಿಸಿ 12 ಮೀಟರ್ ತಂದಿದ್ದೆ. ಆ ತಪ್ಪಿನ ಬಟ್ಟೆ ಬೇಕೇ ಆಯ್ತು.

ಕತ್ತರಿಸಿದ್ದು ಮೊದಲು ಹಳೇ ಬೆಡ್‌ಶೀಟನ್ನು. ಅದನ್ನು ಸೋಫಾ ಮೇಲೆ ಉಲ್ಟಾ ಹಾಸಿ, ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆಯಿಂದ 1.5 ಸೆಂಟಿಮೀಟರ್ ಹೊರಗೆ ಕತ್ತರಿ. ಸೂಜಿಯನ್ನು ಗೆರೆಗೆ ಉದ್ದಕ್ಕೆ ಚುಚ್ಚಿದರೆ ಅದೇ ಹೊಲಿಗೆಯ ದಾರಿ ಆಗುತ್ತದೆ. ಬಿಗಿಯಾಗಿ ಎಳೆದು ಚುಚ್ಚಬೇಡಿ. ಸೋಫಾ ಮತ್ತು ಬಟ್ಟೆಯ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ ಬೇಕು. ಇಲ್ಲದಿದ್ದರೆ ಹಾಕುವಾಗ ಹೊಲಿಗೆ ಬಿಡುತ್ತದೆ.

ಹೊಲಿಗೆಗೆ 16ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ಒಂದೊಂದು ಹೊಲಿಗೆ 3 ಮಿಲಿಮೀಟರ್. ಕಾಟನ್ ದಾರ ಇಂಥ ಎಳೆತಕ್ಕೆ ಬೇಗ ಸವೆಯುತ್ತದೆ. ಪೈಪಿಂಗ್ ಪಟ್ಟಿಯನ್ನು ಬಟ್ಟೆಯ ಓರೆಗೆ, ಅಂದರೆ 45 ಡಿಗ್ರಿಗೆ, 4 ಸೆಂಟಿಮೀಟರ್ ಅಗಲ ಕತ್ತರಿಸಿದೆ. ಓರೆಗೆ ಕತ್ತರಿಸಿದ್ದು ಮಾತ್ರ ತಿರುವಿನಲ್ಲಿ ಸುಕ್ಕಿಲ್ಲದೆ ಬಾಗುತ್ತದೆ. ಪೈಪಿಂಗ್ ಚೆಂದಕ್ಕೆ ಅಂತ ಅಂದುಕೊಂಡಿದ್ದೆ. ಕೈಯ ಮುಂಭಾಗದ ಅಂಚಲ್ಲಿ ಉಜ್ಜಾಟವನ್ನು ಮೊದಲು ತಡೆಯುವುದು ಆ ಹುರಿಯೇ. ಸವೆದರೆ ಮೊದಲು ಪೈಪಿಂಗ್ ಸವೆಯುತ್ತದೆ. ಅದಷ್ಟನ್ನೇ ಬದಲಾಯಿಸಬಹುದು.

ನಾನು ತಪ್ಪಿದ್ದು ಮೂಲೆಯಲ್ಲಿ. ಸೋಫಾದ ಕೈಯೂ ಬೆನ್ನೂ ಸೇರುವ ಕಡೆ ನಿಮ್ಮ ಅಂಗೈಯನ್ನು ಸಂದಿಯೊಳಗೆ ತೂರಿಸಿ ನೋಡಿ. ಮೇಲ್ಗಡೆ, ಸೋಫಾ ಕೈಯ ಮಟ್ಟದಲ್ಲಿ, ಬೆರಳೂ ಹೋಗುವುದಿಲ್ಲ. ಕೆಳಗಿಳಿದ ಹಾಗೆ ಸಂದಿ ಆಳವಾಗುತ್ತದೆ, ಸೀಟಿನ ಹತ್ತಿರ ಮಣಿಕಟ್ಟಿನವರೆಗೂ ಹೋಗುತ್ತದೆ. ತುರುಕುವ ಬಟ್ಟೆಯೂ ಹಾಗೇ ಇರಬೇಕು: ಮೇಲೆ ಏನೂ ಇಲ್ಲ, ಕೆಳಗೆ 15 ಸೆಂಟಿಮೀಟರ್, ಗಾಳಿಪಟದ ಬಾಲದ ಹಾಗೆ ಅಗಲವಾಗುತ್ತಾ ಬರಬೇಕು. ನಾನು ಎಡಗಡೆ ಹಾಗೇ ಮಾಡಿದೆ. ಬಲಗಡೆ ಮಾತ್ರ ಗೆರೆಯನ್ನು ತಪ್ಪಾಗಿ ಓದಿ ಮೇಲಿಂದ ಕೆಳಗೂ 4 ಸೆಂಟಿಮೀಟರೇ ಬಿಟ್ಟು ಹೊಲಿದು, ಉಳಿದದ್ದನ್ನು ಕತ್ತರಿಸಿಬಿಟ್ಟಿದ್ದೆ. ಹಾಕಿದಾಗ ಎರಡೂ ಕಡೆ ಒಂದೇ ಥರ ಕಂಡವು. ಅಮ್ಮ ಬಂದು ಅವರ ಮೂಲೆಯಲ್ಲಿ ಕೂತರು. "ಏನೋ ಎಳೀತಾ ಇದೆ ನೋಡೇ" ಅಂದರು. ಅವರು ಎದ್ದ ಮೇಲೆ ನೋಡಿದೆ. ಹೊಲಿಗೆ ಹರಿದಿರಲಿಲ್ಲ, ಆದರೆ ಸೂಜಿ ಹೋದ ಒಂದೊಂದು ತೂತೂ ಎಳ್ಳಿನಷ್ಟು ಉದ್ದವಾಗಿ ಬಾಯಿ ಬಿಟ್ಟಿತ್ತು. ಹಾಗೇ ಬಿಟ್ಟಿದ್ದರೆ ಬಟ್ಟೆಯೇ ಹರಿಯುತ್ತಿತ್ತು. ಅದೇ ಮೂಲೆಯನ್ನು ನೋಡಿಕೊಂಡೇ ಇಷ್ಟೆಲ್ಲ ಶುರು ಮಾಡಿದ್ದು, ಅಲ್ಲಿಯೇ ತಪ್ಪಿದೆ ಅಂತ ಬಹಳ ಬೇಜಾರಾಯ್ತು.

ಮಾರನೇ ದಿನ ಆ ಹೊಲಿಗೆ ಬಿಚ್ಚಿದೆ. ಉಳಿದಿದ್ದ ಬಟ್ಟೆಯಲ್ಲಿ ಎರಡು ತ್ರಿಕೋನ ಕತ್ತರಿಸಿ, ಒಳಬೆನ್ನಿನ ಅಂಚಿಗೆ ಒಂದು, ಸೋಫಾ ಕೈಯ ಒಳಬದಿಯ ಅಂಚಿಗೆ ಒಂದು ಸೇರಿಸಿದೆ. ಚೂಪು ಮೇಲಕ್ಕೆ, ಅಗಲ ಕೆಳಕ್ಕೆ. ಆಮೇಲೆ ಅವೆರಡನ್ನೂ ಕೂಡಿಸಿ ಹೊಲಿದೆ. ಜೋಡು ಸಂದಿಯೊಳಗೆ ಮುಚ್ಚಿಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಚೂಪಿನ ತುದಿಯಲ್ಲಿ ಲಾಡಿ ಬಟ್ಟೆಯ ಸಣ್ಣ ತುಂಡೊಂದನ್ನು ಇಟ್ಟು ಮೇಲೆ ಎರಡು ಸಲ ಹೊಲಿಗೆ ಓಡಿಸಿದೆ. ಎಳೆತ ಬಂದು ನಿಲ್ಲುವುದು ಆ ಒಂದು ಚುಕ್ಕೆಯಲ್ಲಿ. ಅಮ್ಮನನ್ನು ಮತ್ತೆ ಕರೆದು ಐದಾರು ಸಲ ಕೂರಿಸಿ ಏಳಿಸಿದೆ. ಈ ಸಲ ಬಟ್ಟೆ ಸಂದಿಯೊಳಗಿಂದ ಎರಡು ಬೆರಳಷ್ಟು ಹೊರಗೆ ಬಂದು, ಅವರು ಎದ್ದಾಗ ಸಡಿಲವಾಗಿ ನಿಂತಿತು. ಹೊಲಿಗೆಗೆ ಭಾರ ಬೀಳಲೇ ಇಲ್ಲ.

ಹಾಗೆ ಹೊರಬಂದ ಬಟ್ಟೆ ತಾನಾಗಿ ಒಳಗೆ ಹೋಗುವುದಿಲ್ಲ. ಅದಕ್ಕೆ ಫೋಮ್ ಕೊಳವೆಗಳನ್ನು ಸಂದಿಯ ಉದ್ದಕ್ಕೆ ಕತ್ತರಿಸಿ ಬಟ್ಟೆಯ ಜೊತೆಗೇ ಒತ್ತಿ ಇಟ್ಟೆ. ನೀರಿನ ಕೊಳವೆಗೆ ಸುತ್ತುವ ಥರದ್ದು. ಬಿಗಿಯಾಗಿ ಸುತ್ತಿದ ಟವೆಲ್ ಆದರೂ ನಡೆಯುತ್ತದೆ. ಈಗ ತುರುಕುವ ಕೆಲಸ ವಾರಕ್ಕೊಮ್ಮೆ, ಅದೂ ಸೋಫಾ ಕೆಳಗೆ ಗುಡಿಸುವಾಗ.

ಬಾಯಿ ಮುಚ್ಚುವುದಕ್ಕೆ ಕುಶನ್‌ಗಳಿಗೆ ಜಿಪ್ ಹಾಕಿದೆ, 5ನೇ ನಂಬರಿನದು. ಜಿಪ್ ಹಿಂಬದಿಯಲ್ಲಿ ಮಾತ್ರ ಇದ್ದರೆ ಕುಶನ್ ತೂರಿಸುವುದು ಕಷ್ಟ, ಎರಡೂ ಪಕ್ಕಕ್ಕೆ ಒಂದು ಗೇಣು ತಿರುಗಿ ಬರಬೇಕು. ಮೈ ಕವರಿನ ಹಿಂಬೆನ್ನಿನ ಒಂದು ಮೂಲೆಗೆ ಲಾಡಿ ಕಟ್ಟಿದೆ. ವೆಲ್ಕ್ರೋ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಗೆಯುವಾಗ ಅದು ಸಿಕ್ಕಿದ್ದನ್ನೆಲ್ಲ ಕಚ್ಚಿಕೊಳ್ಳುತ್ತದೆ, ನೂಲು ತುಂಬಿದ ಮೇಲೆ ಅಂಟುವುದೂ ಇಲ್ಲ. ಕೆಳಗೆ ನೆರಿಗೆಯ ಜಾಲರು ಇಡಲಿಲ್ಲ. ನೆಲಕ್ಕಿಂತ ಒಂದು ಗೇಣು ಮೇಲೆ ನೇರ ಮಡಿಕೆ ಹಾಕಿ ನಿಲ್ಲಿಸಿದೆ, ಪೊರಕೆ ಸಲೀಸಾಗಿ ಹೋಗಲಿ ಅಂತ.

ಒಟ್ಟು ಆರು ಶನಿವಾರ ಹಿಡಿಯಿತು. ಅದರಲ್ಲಿ ಹೊಲಿದದ್ದು ಎರಡೂವರೆ ದಿನ ಮಾತ್ರ. ಉಳಿದದ್ದೆಲ್ಲ ಅಳೆಯುವುದು, ಒಗೆಯುವುದು, ಸೂಜಿ ಚುಚ್ಚುವುದು.

ಹಾಕಿ ಐದು ತಿಂಗಳಾಗಿದೆ, ಮೂರು ಸಲ ಒಗೆದಿದ್ದೇನೆ. ಜಿಪ್ ಎಳೆದುಕೊಂಡು, ಲಾಡಿ ಬಿಗಿದುಕೊಂಡು, ಉಲ್ಟಾ ಮಾಡಿ ಒಗೆದರೆ ಬಣ್ಣ ಉಳಿಯುತ್ತದೆ. ಪೂರ್ತಿ ಒಣಗಲು ಬಿಡುವುದಿಲ್ಲ. ಇನ್ನೂ ಸ್ವಲ್ಪ ತೇವ ಇರುವಾಗ ಸೋಫಾ ಮೇಲೆ ಹಾಕಿ, ಜೋಡುಗಳನ್ನು ಕೈಯಲ್ಲಿ ಎಳೆದು ಕೂರಿಸಿ, ಫ್ಯಾನ್ ಹಾಕಿ ಬಿಡುತ್ತೇನೆ. ಸೋಫಾದ ಆಕಾರಕ್ಕೇ ಒಣಗುತ್ತದೆ, ಇಸ್ತ್ರಿ ಬೇಕಿಲ್ಲ. ಕುಶನ್ ಕವರ್ ಮಾತ್ರ ಪೂರ್ತಿ ಒಣಗಿಸಿಯೇ ಹಾಕಿ, ತೇವ ಫೋಮ್‌ಗೆ ಇಳಿದರೆ ವಾಸನೆ ಬರುತ್ತದೆ.

ಬಲಗೈ ಮುಂಭಾಗದ ಪೈಪಿಂಗ್ ಆಗಲೇ ಸ್ವಲ್ಪ ಮೆತ್ತಗಾಗಿದೆ, ಅಮ್ಮನ ಕೈ ಊರುವ ಜಾಗ. ಮಿಕ್ಕಿದ್ದ ಬಟ್ಟೆಯಲ್ಲಿ ಆ ಕೈಗೆ ಒಂದು ಟೋಪಿಯ ಹಾಗೆ ಸಣ್ಣ ಕವರ್ ಹೊಲಿಯುತ್ತಿದ್ದೇನೆ. ಅದನ್ನು ಒಂದನ್ನೇ ತೆಗೆದು ಒಗೆಯಬಹುದು. ನಿನ್ನೆ ಗೆರೆ ಎಳೆದಾಯ್ತು, ಈ ಶನಿವಾರ ಕತ್ತರಿಸುತ್ತೇನೆ.